ದ್ರಾಕ್ಷಿ, ಬಾಳೆಹಣ್ಣು, ತೆಂಗಿನಕಾಯಿ

ಕರ್ನಾಟಕ ಸಂಗೀತದ ಕಛೇರಿಗೆ ಹೊಸದಾಗಿ ಬರುವವರು ರಾಗದ ಬಗ್ಗೆ ಕೇಳುವ ಮೊದಲು ಚಪ್ಪಾಳೆಯ ಬಗ್ಗೆ ಕೇಳುತ್ತಾರೆ. "ಮೇಡಂ, ಎಲ್ಲಿ ತಟ್ಟಬೇಕು? ತಪ್ಪು ಜಾಗದಲ್ಲಿ ತಟ್ಟಿಬಿಟ್ಟರೆ?" ಪಕ್ಕದಲ್ಲಿ ಕೂತ ಹಿರಿಯರೊಬ್ಬರು ತೊಡೆಯ ಮೇಲೆ ತಾಳ ಹಾಕುತ್ತಾ ಇದ್ದಕ್ಕಿದ್ದಂತೆ "ಭಲೇ" ಅನ್ನುತ್ತಾರೆ. ಅವರಿಗೆ ಕೇಳಿಸಿದ್ದು ನನಗೇಕೆ ಕೇಳಿಸಲಿಲ್ಲ ಎಂಬ ಅಳುಕು ಆ ಪ್ರಶ್ನೆಯ ಹಿಂದಿರುತ್ತದೆ.

ಮೊದಲು ಆ ಅಳುಕನ್ನು ಕಳೆಯೋಣ. ಗಾಯಕರ ಆಲಾಪನೆ ಮುಗಿದಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಅದೇ ರಾಗವನ್ನು ಪಿಟೀಲಿನವರು ನುಡಿಸಿ ಮುಗಿಸಿದಾಗ ಮತ್ತೆ ತಟ್ಟುತ್ತದೆ. ಕಲ್ಪನಾಸ್ವರ ಮುಗಿದಾಗ, ಮೃದಂಗ ಘಟಗಳ ತನಿ ಆವರ್ತನ ಮುಗಿದಾಗ, ಕೃತಿ ಮುಗಿದಾಗ ಸರಿಯೇ ಸರಿ. ನಡುವೆ ಒಂದು ಎಳೆ ಮನಸ್ಸಿಗೆ ತಾಕಿ "ಆಹಾ" ಎಂದು ಬಾಯಿಂದ ಬಂದರೆ ಯಾರೂ ತಿರುಗಿ ಗದರಿಸುವುದಿಲ್ಲ. ವೇದಿಕೆಯ ಮೇಲಿದ್ದವರು ಅದಕ್ಕೇ ಕಾಯುತ್ತಿರುತ್ತಾರೆ. ತನಿ ಶುರುವಾದ ಕೂಡಲೇ ಕಾಫಿಗೆ ಎದ್ದು ಹೋಗುವ ಅಭ್ಯಾಸ ಮಾತ್ರ ಬೇಡ. ಎರಡು ಗಂಟೆ ಇನ್ನೊಬ್ಬರಿಗಾಗಿ ನುಡಿಸಿದ ಮೃದಂಗದವರಿಗೆ ತಮ್ಮದೇ ಮಾತು ಹೇಳಲು ಸಿಗುವ ಹೊತ್ತು ಅದೊಂದೇ.

ಇನ್ನು ತಾಳ. ಆದಿತಾಳದಲ್ಲಿ ಎಂಟು ಎಣಿಕೆ: ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು, ನಂತರ ತಟ್ಟಿ ಅಂಗೈ ತಿರುಗಿಸುವುದು, ಹಾಗೆ ಎರಡು ಸಲ. ಗಾಯಕರು ಸ್ವರ ಹಾಕುವಾಗ ಎಷ್ಟು ದೂರ ಸುತ್ತಿದರೂ ಸಾಲು ಎಲ್ಲಿಂದ ಹೊರಟಿತ್ತೋ ಆ ಜಾಗಕ್ಕೇ ಬಂದು ಸೇರಬೇಕು. ಅದನ್ನು ಎಡುಪು ಎನ್ನುತ್ತಾರೆ. ಎಷ್ಟೋ ಕೃತಿಗಳಲ್ಲಿ ಅದು ಮೊದಲ ತಟ್ಟಿನ ಮೇಲೆ ಇರುವುದಿಲ್ಲ, ತುಸು ತಡೆದು ಬರುತ್ತದೆ. ಲೆಕ್ಕ ಮುಗಿದು ಸಾಲು ಆ ಜಾಗದಲ್ಲಿ ಸರಿಯಾಗಿ ಕೂತಾಗ ಹಿರಿಯರ ಬಾಯಿಂದ ಬಂದದ್ದು ಆ "ಭಲೇ". ಹತ್ತು ದಿನ ಕೈ ಆಡಿಸಿದರೆ ನಿಮಗೂ ಅದು ಹಿಡಿತಕ್ಕೆ ಬರುತ್ತದೆ. ತಪ್ಪಿದರೆ ನಾಚಬೇಡಿ, ಮುಂದಿನ ಆವರ್ತದಲ್ಲಿ ಹಿಡಿದುಕೊಳ್ಳಿ.

ತಾಳವನ್ನು ಬೆರಳು ಕಲಿಯುತ್ತದೆ. ವಾಗ್ಗೇಯಕಾರರ ವಿಷಯಕ್ಕೆ ಇನ್ನೊಂದು ಬಗೆಯ ತಾಳ್ಮೆ ಬೇಕು.

ನಮ್ಮ ಕಾವ್ಯಮೀಮಾಂಸೆಯಲ್ಲಿ ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ ಎಂಬ ಮಾತುಗಳಿವೆ. ರಸ ನಾಲಗೆಗೆ ಎಷ್ಟು ಬೇಗ ಸಿಗುತ್ತದೆ ಎಂಬುದರ ಮೇಲೆ ಮಾಡಿದ ವಿಂಗಡಣೆ ಅದು. ಸಂಗೀತದ ತ್ರಿಮೂರ್ತಿಗಳಿಗೂ ರಸಿಕರು ಇದನ್ನೇ ಹೊಂದಿಸಿದ್ದಾರೆ: ತ್ಯಾಗರಾಜರು ದ್ರಾಕ್ಷಿ, ಶ್ಯಾಮಾಶಾಸ್ತ್ರಿಗಳು ಬಾಳೆಹಣ್ಣು, ಮುತ್ತುಸ್ವಾಮಿ ದೀಕ್ಷಿತರು ತೆಂಗಿನಕಾಯಿ. ಮೂವರೂ ಹುಟ್ಟಿದ್ದು ತಿರುವಾರೂರಿನಲ್ಲಿ, ಹದಿನೈದು ವರ್ಷಗಳ ಅಂತರದೊಳಗೆ. ಆದರೂ ಕೇಳುಗನನ್ನು ಮೂರು ಬೇರೆ ದಾರಿಗಳಲ್ಲಿ ನಡೆಸುತ್ತಾರೆ. ಈ ಹೋಲಿಕೆಯನ್ನು ಯಾರು ಮೇಲು, ಯಾರು ಕೀಳು ಎಂಬ ತೂಕವಾಗಿ ನಾನು ನೋಡುವುದಿಲ್ಲ. ಕೇಳುವವನು ಏನು ಮಾಡಬೇಕು ಎಂಬ ಸೂಚನೆಯಾಗಿ ಓದುತ್ತೇನೆ.

ತ್ಯಾಗರಾಜರು (1767–1847) ರಾಮನೊಂದಿಗೆ ತೆಲುಗಿನಲ್ಲಿ ಮಾತಾಡುತ್ತಾರೆ. ಬೇಡುತ್ತಾರೆ, ಜಗಳವಾಡುತ್ತಾರೆ, ಮುನಿಸಿಕೊಳ್ಳುತ್ತಾರೆ. ಒಂದೇ ಸಾಲು ಮತ್ತೆ ಮತ್ತೆ ಬರುವುದನ್ನು ಗಮನಿಸಿ. ಪ್ರತಿ ಸಲವೂ ಒಂದು ಹೊಸ ತಿರುವು ಸೇರಿಕೊಂಡು ಸಾಲು ಅರಳುತ್ತದೆ. ಇದೇ ಸಂಗತಿ. ಕನ್ನಡದಲ್ಲಿ ಸಂಗತಿ ಅಂದರೆ ವಿಷಯ, ಸಮಾಚಾರ. ಆಪ್ತರು ಒಂದು ಮಾತನ್ನು ಹೇಳಿದ್ದಕ್ಕೆ ಸಮಾಧಾನವಾಗದೆ ಇನ್ನೊಂದು ಬಗೆಯಲ್ಲಿ ಹೇಳಿ ನೋಡುವುದಿಲ್ಲವೇ, ಹಾಗೆ ಎಂದುಕೊಂಡು ಕೇಳಿ. ಭಾಷೆ ಬಾರದಿದ್ದರೂ ಮಾತು ಮುಟ್ಟುತ್ತದೆ.

ಶ್ಯಾಮಾಶಾಸ್ತ್ರಿಗಳದ್ದು (1762–1827) ಸಿಪ್ಪೆ ಸುಲಿಯುವಷ್ಟು ಕೆಲಸ. ಅವರ ಹಾಡುಗಳು ಕಡಿಮೆ, ಬಹುಪಾಲು ತಾಯಿ ಕಾಮಾಕ್ಷಿಯನ್ನು ಕರೆಯುವಂಥವು. ಹೊಸಬರಿಗೆ ಒಂದೇ ಒಂದನ್ನು ಹೇಳು ಎಂದರೆ ಭೈರವಿ ರಾಗದ ಸ್ವರಜತಿಯನ್ನೇ ಹೇಳುತ್ತೇನೆ. ಅದು ಮಿಶ್ರಛಾಪು, ಮೂರು ಮತ್ತು ನಾಲ್ಕರ ಏಳು ಎಣಿಕೆ. ಎಂಟು ಚರಣಗಳು, ಒಂದೊಂದೂ ಹಿಂದಿನದಕ್ಕಿಂತ ಒಂದು ಸ್ವರ ಮೇಲೆ ಶುರುವಾಗುತ್ತಾ ಷಡ್ಜದಿಂದ ಮೇಲಿನ ಷಡ್ಜದವರೆಗೆ ಹೋಗುತ್ತದೆ. ದೇವಸ್ಥಾನದ ಮೆಟ್ಟಿಲು ಹತ್ತುವಂತೆ. ಸ್ವರಜ್ಞಾನ ಇಲ್ಲದವರಿಗೂ ಏರುತ್ತಿದ್ದೇವೆ ಎಂಬುದು ಗೊತ್ತಾಗುತ್ತದೆ, ಎಂಟನೆಯ ಚರಣಕ್ಕೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ದೀಕ್ಷಿತರ ಹತ್ತಿರ ನಾನು ತಡವಾಗಿ ಬಂದೆ. ಇಪ್ಪತ್ತರ ವಯಸ್ಸಿನಲ್ಲಿ ಅವರ ಕೃತಿ ಶುರುವಾದರೆ ಗಡಿಯಾರ ನೋಡುತ್ತಿದ್ದೆ. ಸಂಸ್ಕೃತದ ಉದ್ದುದ್ದ ಸಮಾಸಗಳು, ಚೌಕ ಕಾಲದ ನಿಧಾನ ನಡೆ. ಪಲ್ಲವಿಯನ್ನೇ ದಾಟದೆ ಎಷ್ಟೋ ಕೃತಿಗಳನ್ನು ಬಿಟ್ಟುಬಿಟ್ಟೆ. ಒಂದು ದಿನ ನನ್ನ ಗುರುಗಳು, "ಹಾಡಬೇಡ, ಸುಮ್ಮನೆ ತಾಳ ಹಾಕು" ಎಂದು ಕೂರಿಸಿಕೊಂಡು ಒಂದು ಕೃತಿಯನ್ನು ಪೂರ್ತಿ ಹಾಡಿದರು. ಎಣಿಸುವ ಕೆಲಸ ಸಿಕ್ಕ ಕೂಡಲೇ ಅಸಹನೆ ಹೋಯಿತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ನಡುವೆ ಎಷ್ಟು ಜಾಗವಿದೆ ಎಂಬುದು ಕೇಳಿಸತೊಡಗಿತು. ದೀಕ್ಷಿತರು ವೈಣಿಕರು, ತಂತಿಯನ್ನು ಎಳೆದಾಗ ಬರುವ ಆ ಗಮಕ ಅವರ ಸಾಹಿತ್ಯದಲ್ಲೇ ಕೂತಿದೆ. ಚರಣದ ಕೊನೆಗೆ ಬಂದಾಗ ತಾಳ ಅದೇ ಇದ್ದು ಪದಗಳು ಮಾತ್ರ ಎರಡರಷ್ಟು ವೇಗದಲ್ಲಿ ಓಡಿದವು. ಮಧ್ಯಮಕಾಲ ಸಾಹಿತ್ಯ ಎನ್ನುವುದು ಇದಕ್ಕೇ. ಅಷ್ಟು ಹೊತ್ತು ನಿಧಾನದಲ್ಲಿ ಮಿಂದವನಿಗೆ ಆ ಓಟ ಮೈ ಜುಮ್ಮೆನಿಸುತ್ತದೆ. ಮೊದಲ ಐದು ನಿಮಿಷ ಬಿಟ್ಟು ಅಲ್ಲಿಗೇ ಬಂದರೆ ಅದು ಬರೀ ಬೇಗ ಹಾಡಿದಂತೆ ಕೇಳಿಸುತ್ತದೆ. ಕಾಯಿ ಒಡೆಯದೆ ಎಳನೀರಿಲ್ಲ. ದೀಕ್ಷಿತರು ಯೌವನದಲ್ಲಿ ಕಾಶಿಯಲ್ಲಿದ್ದವರು. ದ್ವಿಜಾವಂತಿಯಂಥ ರಾಗಗಳಲ್ಲಿ ಉತ್ತರದ ಗಾಳಿ ಬೀಸುವುದನ್ನು ಹಿಂದೂಸ್ತಾನಿ ಕೇಳಿ ಬಂದ ಧಾರವಾಡದ ಕಡೆಯವರು ನಮಗಿಂತ ಮೊದಲೇ ಗುರುತಿಸಿಬಿಡುತ್ತಾರೆ.

ಕೇಳುಗರು ಒಬ್ಬ ವಾಗ್ಗೇಯಕಾರರಿಗೆ ಸ್ಪಂದಿಸುವುದು ಸಭೆಯೊಳಗೆ ಮಾತ್ರವೇ ಎಂದು ಕೇಳಿದರೆ ನಾನು ಬೆಂಗಳೂರು ನಾಗರತ್ನಮ್ಮನವರ ಹೆಸರು ಹೇಳುತ್ತೇನೆ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಹೆಸರು ಮಾಡಿದ ದೇವದಾಸಿ ಗಾಯಕಿ. ತಿರುವೈಯಾರಿನ ಕಾವೇರಿ ದಂಡೆಯ ಮೇಲೆ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆ ಎಂದು ತಿಳಿದು ಅವರು ತಮ್ಮ ಸಂಪಾದನೆಯನ್ನೆಲ್ಲ ಅಲ್ಲಿಗೆ ಸುರಿದರು. 1926ರಲ್ಲಿ ಗುಡಿ ಎದ್ದಿತು. ಅಲ್ಲಿ ನಡೆಯುತ್ತಿದ್ದ ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಅವಕಾಶವಿರಲಿಲ್ಲ. ನಾಗರತ್ನಮ್ಮನವರು ಹೆಂಗಸರನ್ನು ಸೇರಿಸಿ ಪ್ರತ್ಯೇಕವಾಗಿ ಆರಾಧನೆ ನಡೆಸಿದರು. ಕಡೆಗೆ ಎಲ್ಲರ ಆರಾಧನೆಯೂ ಒಂದಾಯಿತು. ಇಂದು ಪುಷ್ಯ ಬಹುಳ ಪಂಚಮಿಯಂದು ನೂರಾರು ಗಂಡಸರು ಹೆಂಗಸರು ಸಾಲಾಗಿ ಕೂತು ಪಂಚರತ್ನ ಕೃತಿಗಳನ್ನು ಒಕ್ಕೊರಲಿನಿಂದ ಹಾಡುವುದನ್ನು ಟೀವಿಯಲ್ಲಿ ನೋಡುವಾಗ ನಮ್ಮ ನಂಜನಗೂಡಿನ ಆ ತಾಯಿಯನ್ನು ನೆನೆಯಿರಿ. 1952ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲೇ, ತ್ಯಾಗರಾಜರಿಗೆ ಮುಖ ಮಾಡಿ ಇದೆ.

ರಾಮನವಮಿ ಬಂದರೆ ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಪೆಂಡಾಲಿಗೆ ಬನ್ನಿ. ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದ ಸಂಗೀತೋತ್ಸವ ಅದು. ಹಿಂದಿನ ಸಾಲಿನಲ್ಲಿ, ಸುತ್ತಲಿನವರ ಕೈ ಕಾಣುವಂತೆ ಕೂತುಕೊಳ್ಳಿ. ಹಾಡುವ ಮುನ್ನ ಕೃತಿ ಯಾರದೆಂದು ಹೇಳದಿದ್ದರೆ ಚರಣಕ್ಕೆ ಕಾಯಿರಿ: ಸಾಮಾನ್ಯವಾಗಿ ಅಲ್ಲಿ ತ್ಯಾಗರಾಜ, ಗುರುಗುಹ, ಶ್ಯಾಮಕೃಷ್ಣ ಎಂಬ ಅಂಕಿತ ಸಿಗುತ್ತದೆ. ಗುರುಗುಹ ದೀಕ್ಷಿತರದು.

ಬಸ್ಸು ತಪ್ಪುತ್ತದೆಂದು ಮಂಗಳಕ್ಕೆ ಮುಂಚೆ ಎದ್ದು ಹೋಗಬೇಡಿ. ದೇವರನಾಮ ಬರುವುದು ಆ ಕೊನೆಯ ಹೊತ್ತಿನಲ್ಲೇ. ಸರಳೆ ವರಸೆಯಿಂದ ಪಾಠಕ್ರಮ ಹಾಕಿಕೊಟ್ಟರೆಂದು ಸಂಗೀತ ಪಿತಾಮಹ ಎನಿಸಿಕೊಂಡ ಪುರಂದರದಾಸರಿಗೆ ಉಳಿಯುವುದು ಹತ್ತು ನಿಮಿಷ. ಅದು ನನಗೆ ಇಂದಿಗೂ ಬೇಸರದ ವಿಷಯ. ಆದರೂ ಆ ಹತ್ತು ನಿಮಿಷದಲ್ಲಿ ಪೆಂಡಾಲಿನ ರೀತಿಯೇ ಬದಲಾಗುತ್ತದೆ. ಕಾಪಿ ರಾಗದಲ್ಲಿ 'ಜಗದೋದ್ಧಾರನ' ಎತ್ತಿಕೊಂಡರೆ, ಅಷ್ಟು ಹೊತ್ತು ತಾಳ ಹಾಕುತ್ತಿದ್ದ ಕೈಗಳು ಮಡಿಲಿಗೆ ಇಳಿಯುತ್ತವೆ. ಸಾಲುಸಾಲಾಗಿ ತುಟಿಗಳು ಅಲುಗುತ್ತವೆ. ಒಮ್ಮೆ ತಿರುಗಿ ನೋಡಿ, ಆಮೇಲೆ ನೀವೂ ದನಿಗೂಡಿಸಿ.