ಹಾಲಿನ ಲೆಕ್ಕಕ್ಕೊಂದು ಪ್ರತ್ಯೇಕ ದಾರಿ



ಬೆಳಿಗ್ಗೆ ನೀವು ಸಂಘದಲ್ಲಿ ಹಾಲು ಹಾಕಿದೊಡನೆ ಯಂತ್ರವು ಜಿಡ್ಡು ಮತ್ತು ಜಿಡ್ಡೇತರ ಘನಾಂಶವನ್ನು ಅಳೆದು ಚೀಟಿ ಕೊಡುತ್ತದೆ. ಆ ಅಂಕಿಗಳು ಮುಂದೆ ಎಲ್ಲಿಗೆ ಹೋಗುತ್ತವೆ ಎಂದು ಯೋಚಿಸಿದ್ದೀರಾ? ಹಿಂದೆ ಇಂತಹ ಲೆಕ್ಕವೆಲ್ಲ ಕಚೇರಿಯ ಕಂಪ್ಯೂಟರಿನಲ್ಲೇ ಇರುತ್ತಿತ್ತು. ಈಗ ಅನೇಕ ಸಂಸ್ಥೆಗಳು ಅದನ್ನು ‘ಕ್ಲೌಡ್’ನಲ್ಲಿ ಇಡುತ್ತಿವೆ. ಹೆಸರು ಮೋಡವಾದರೂ ಅದಿರುವುದು ನೆಲದ ಮೇಲೆಯೇ. ದೊಡ್ಡ ಕಂಪನಿಗಳ ಕಟ್ಟಡದಲ್ಲಿರುವ ಕಂಪ್ಯೂಟರುಗಳನ್ನು ಬಾಡಿಗೆಗೆ ಪಡೆಯುವುದು, ಅಷ್ಟೆ. ಅಮೆಜಾನ್ ಕಂಪನಿಯು ಇಂತಹ ಕೇಂದ್ರಗಳನ್ನು 2016ರಲ್ಲಿ ಮುಂಬಯಿಯಲ್ಲಿಯೂ 2022ರಲ್ಲಿ ಹೈದರಾಬಾದಿನಲ್ಲಿಯೂ ತೆರೆಯಿತು.

ಕಚೇರಿಯಿಂದ ಅಲ್ಲಿಗೆ ಹೋಗಲು ಎರಡು ದಾರಿಗಳಿವೆ. ಒಂದು, ಎಲ್ಲರೂ ಬಳಸುವ ಇಂಟರ್‌ನೆಟ್. ಇದು ಸಂತೆಯ ದಿನದ ರಸ್ತೆಯಂತೆ. ನಮ್ಮ ಟ್ಯಾಂಕರೂ ಹೋಗಬೇಕು, ಬೇರೆಯವರ ಗಾಡಿಗಳೂ ಹೋಗಬೇಕು. ಇನ್ನೊಂದು, ನಮಗಾಗಿಯೇ ಮೀಸಲಾದ ಖಾಸಗಿ ಸಂಪರ್ಕ. ಅಮೆಜಾನ್ ಇದನ್ನು 2011ರಲ್ಲಿ ‘ಡೈರೆಕ್ಟ್ ಕನೆಕ್ಟ್’ ಎಂಬ ಹೆಸರಿನಲ್ಲಿ ಆರಂಭಿಸಿತು. ಮೈಕ್ರೋಸಾಫ್ಟ್‌ನ ‘ಎಕ್ಸ್‌ಪ್ರೆಸ್‌ರೂಟ್’ 2014ರಲ್ಲಿ ಬಂತು, ಗೂಗಲ್‌ನದು 2017ರಲ್ಲಿ.

ಇದರ ಕೆಲಸ ಹೀಗೆ. ದೂರಸಂಪರ್ಕ ಕಂಪನಿಯೊಂದು ಕಚೇರಿಯಿಂದ ಗಾಜಿನ ಎಳೆಯ ಕೇಬಲ್ಲಿನ ಮೂಲಕ ಒಂದು ಮಧ್ಯದ ಕಟ್ಟಡದವರೆಗೆ ಮಾರ್ಗ ಕೊಡುತ್ತದೆ. ನಮ್ಮ ಶೀತಲ ಕೇಂದ್ರವಿದ್ದ ಹಾಗೆ ಅದು. ಅಲ್ಲಿ ಕ್ಲೌಡ್ ಕಂಪನಿಯ ಉಪಕರಣವೂ ಇರುತ್ತದೆ. ಎರಡನ್ನೂ ಒಂದು ತಂತಿಯಿಂದ ಜೋಡಿಸಿದರೆ, ಮಾಹಿತಿಯು ಸಾರ್ವಜನಿಕ ಇಂಟರ್‌ನೆಟ್ಟಿಗೆ ಇಳಿಯದೆ ಬಾಡಿಗೆಯ ಕಂಪ್ಯೂಟರನ್ನು ಮುಟ್ಟುತ್ತದೆ. ಸೆಕೆಂಡಿಗೆ 1 ಗಿಗಾಬಿಟ್, 10 ಗಿಗಾಬಿಟ್ ಹೀಗೆ ಅಳತೆಯ ಮೇಲೆ ಈ ಮಾರ್ಗ ದೊರೆಯುತ್ತದೆ. ದಟ್ಟಣೆಯ ಹೊತ್ತಿನಲ್ಲೂ ವೇಗ ಹೆಚ್ಚು ಏರುಪೇರಾಗದಿರುವುದೇ ಇದರ ಮುಖ್ಯ ಗುಣ.

ಇಲ್ಲಿ ಎರಡು ತಪ್ಪು ತಿಳುವಳಿಕೆಗಳಿವೆ. ಖಾಸಗಿ ಎಂದೊಡನೆ ಮಾಹಿತಿಗೆ ಬೀಗ ಬಿದ್ದಿದೆ ಎಂದು ಭಾವಿಸಬಾರದು. ಪ್ರತ್ಯೇಕ ರಸ್ತೆಯಲ್ಲಿ ಹೋದರೂ ಟ್ಯಾಂಕರಿನ ಮುಚ್ಚಳಕ್ಕೆ ಸೀಲು ಹಾಕುತ್ತೇವಲ್ಲವೇ? ಹಾಗೆಯೇ ಮಾಹಿತಿಯನ್ನು ಸಂಕೇತ ಲಿಪಿಗೆ ಬದಲಿಸುವ ಏರ್ಪಾಟನ್ನು ಬೇರೆಯಾಗಿಯೇ ಮಾಡಿಕೊಳ್ಳಬೇಕು.

ಎರಡನೆಯದು ಇನ್ನೂ ಮುಖ್ಯ. ಖಾಸಗಿ ಮಾರ್ಗ ಕಡಿದು ಹೋಗುವುದಿಲ್ಲವೆಂಬ ನಂಬಿಕೆ ಸರಿಯಲ್ಲ. ಕೇಬಲ್ ಹೋಗುವುದು ರಸ್ತೆ ಬದಿಯ ನೆಲದಲ್ಲೇ. ಕುಡಿಯುವ ನೀರಿನ ಪೈಪಿಗಾಗಿ ಜೆಸಿಬಿ ಅಗೆದರೆ ಅದಕ್ಕೆ ಖಾಸಗಿ, ಸಾರ್ವಜನಿಕ ಎಂಬ ಭೇದವಿಲ್ಲ! ಬಟವಾಡೆಯ ದಿನವೇ ಹೀಗಾದರೆ ಹಣ ತಡವಾಗುತ್ತದೆ. ಪಶು ಆಹಾರದ ಅಂಗಡಿಯವನು ಕಾಯುವುದಿಲ್ಲ. ಆದ್ದರಿಂದ ಎರಡು ಮಾರ್ಗ ಬೇಕು, ಅವೆರಡೂ ಒಂದೇ ಕಾಲುವೆಯಲ್ಲಿ ಹಾಯ್ದಿರಬಾರದು. ಹಾಯ್ದಿದ್ದರೆ ಬಿಲ್ಲು ಮಾತ್ರ ಎರಡು, ಮಾರ್ಗ ಒಂದೇ. ಎರಡನೆಯದನ್ನು ಖಾಸಗಿಯಾಗಿ ಕೊಳ್ಳಲು ಶಕ್ತಿಯಿಲ್ಲದಿದ್ದರೆ, ಇಂಟರ್‌ನೆಟ್ಟಿನ ಮೇಲೆಯೇ ಬೀಗ ಹಾಕಿದ ಸುರಂಗದಂತಹ ‘ವಿಪಿಎನ್’ ಅನ್ನು ಆಪತ್ಕಾಲಕ್ಕೆ ಇಟ್ಟುಕೊಳ್ಳುವುದುಂಟು.

ಖರ್ಚಿನ ಮಾತು. ಕೇಬಲ್ಲಿನ ಬಾಡಿಗೆ ದೂರಸಂಪರ್ಕ ಕಂಪನಿಗೆ, ಜೋಡಣೆಯ ಬಾಡಿಗೆ ಕ್ಲೌಡ್ ಕಂಪನಿಗೆ. ಅಮೆಜಾನಿನ ಲೆಕ್ಕದಲ್ಲಿ ಜೋಡಣೆಗೆ ಗಂಟೆಗಿಷ್ಟು ಎಂದು ದರ. ಮಾಹಿತಿ ಹರಿಯದಿದ್ದರೂ ಗಂಟೆ ಓಡುತ್ತಲೇ ಇರುತ್ತದೆ. ಮಾಹಿತಿ ಒಳಗೆ ಕಳಿಸಲು ಶುಲ್ಕವಿಲ್ಲ, ಹೊರಗೆ ತರಲು ಉಂಟು. ನಮ್ಮ ಅಭಿಪ್ರಾಯ ಕೇಳಿದರೆ, ದಿನದ ಲೆಕ್ಕ ಮಾತ್ರ ಕಳಿಸುವ ಚಿಕ್ಕ ಸಂಸ್ಥೆಗೆ ವಿಪಿಎನ್ ಸಾಕು. ಡೇರಿ ಘಟಕ, ಮಾರಾಟ, ಬಟವಾಡೆ ಎಲ್ಲವೂ ಹಗಲಿರುಳು ಕ್ಲೌಡಿನಲ್ಲೇ ನಡೆಯುವಾಗ ಮಾತ್ರ ಖಾಸಗಿ ಮಾರ್ಗದ ಖರ್ಚಿಗೆ ಅರ್ಥವಿದೆ. ಇಂತಹ ಯೋಜನೆ ಸಭೆಯ ಮುಂದೆ ಬಂದಾಗ, ಕೇಬಲ್ಲುಗಳು ಯಾವ ಯಾವ ರಸ್ತೆಯಲ್ಲಿ ಬರುತ್ತವೆ, ಒಂದನ್ನು ಆರಿಸಿ ಇನ್ನೊಂದನ್ನು ಪರೀಕ್ಷಿಸಿದ್ದು ಯಾವಾಗ ಎಂದು ಕೇಳಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಾಲಿನ ಹಣ.

ಈ ಖಾಸಗಿ ಮಾರ್ಗ ಹಳ್ಳಿಯ ಸಂಘದವರೆಗೆ ಬರುವುದಿಲ್ಲ. ಅಲ್ಲಿಂದ ಅಂಕಿಗಳು ಹೋಗುವುದು ಸಾಮಾನ್ಯ ಇಂಟರ್‌ನೆಟ್ ಅಥವಾ ಮೊಬೈಲ್ ಸಿಮ್ಮಿನ ಮೂಲಕವೇ. ಆದಕಾರಣ ಹಾಲಿನ ಚೀಟಿಗಳನ್ನು ಬಟವಾಡೆ ಕೈಸೇರಿ ತಾಳೆ ನೋಡುವವರೆಗೆ ಎಸೆಯದೆ ತೆಗೆದಿಡಿ.