ರೇಷ್ಮೆಗೂಡು ಮತ್ತು ನ್ಯಾಯವಾದ ಬೆಲೆ

ರಾಗಿ ಬೆಳೆದವನು ಬೆಲೆ ಏರುವವರೆಗೆ ಅದನ್ನು ವರ್ಷಗಟ್ಟಲೆ ಕಾದಿರಿಸಬಲ್ಲನು. ವಿರೂಪಾಕ್ಷಿಪುರದ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವ ರೈತನಿಗೆ ಆ ಅವಕಾಶವಿಲ್ಲ. ಹಣ್ಣಾದ ಹುಳು ಚಂದ್ರಂಕಿಯೇರಿ ಗೂಡು ಕಟ್ಟಿದರೆ, ಸುಮಾರು ಎರಡು ವಾರಗಳಲ್ಲಿ ಪತಂಗವು ಗೂಡನ್ನು ತೂತುಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಅಖಂಡವಾದ ಎಳೆ ಬಾರದು. ಕೊಳ್ಳುವವನು ಇದನ್ನು ಚೆನ್ನಾಗಿ ಬಲ್ಲನು. ಮನೆಯಂಗಳದಲ್ಲೇ ವ್ಯಾಪಾರ ಕುದುರಿದರೆ ಅವನು ಹೇಳಿದ್ದೇ ಬೆಲೆ.

ರಾಮನಗರದ ಸರಕಾರೀ ಗೂಡಿನ ಮಾರುಕಟ್ಟೆಯ ಮಹತ್ವವಿರುವುದು ಇಲ್ಲಿ. 1959ರ ರೇಷ್ಮೆ ಕಾಯಿದೆಯ ಆಶ್ರಯದಲ್ಲಿ ನಡೆಯುವ ಈ ಮಾರುಕಟ್ಟೆಯಲ್ಲಿ ಹಲವರೆದುರು ಹರಾಜಾಗುತ್ತದೆ, ತೂಕವೂ ಎಲ್ಲರ ಕಣ್ಣೆದುರಿಗೇ. ಆದರೆ ಹರಾಜು ಮೋಸವನ್ನು ತಡೆದೀತೇ ಹೊರತು ಬೆಲೆಯ ಕುಸಿತವನ್ನು ತಡೆಯಲಾರದು. ನೂಲು ಬಿಚ್ಚುವವನನ್ನಷ್ಟೇ ದೂರುವುದೂ ಸಲ್ಲದು. ಅವರಲ್ಲಿ ಅನೇಕರು ಸಾಲದ ಬಂಡವಾಳದ ಬಡವರೇ.

ಬಳಸುವವರೇ ಈ ಹೊಣೆಯಲ್ಲಿ ಪಾಲುಗೊಂಡ ನಿದರ್ಶನವೂ ಉಂಟು. 1988ರಲ್ಲಿ ನೆದರ್ಲೆಂಡ್ಸಿನಲ್ಲಿ ಮೆಕ್ಸಿಕೋದ ಸಣ್ಣ ರೈತರ ಕಾಫಿಗೆ ‘ಮ್ಯಾಕ್ಸ್ ಹಾವೆಲಾರ್’ ಎಂಬ ಮುದ್ರೆಯೊತ್ತಿ ಮಾರಲಾಯಿತು. ಪೇಟೆ ಬಿದ್ದರೂ ಕನಿಷ್ಠ ಬೆಲೆಯೊಂದು ಬೆಳೆಗಾರನಿಗೆ ಸಲ್ಲಬೇಕೆಂಬುದು ಅದರ ಕಟ್ಟಳೆ. ಆ ಹೆಸರು 1860ರ ಡಚ್ ಕಾದಂಬರಿಯೊಂದರದು. ಜಾವಾದ ರೈತರ ಶೋಷಣೆಯೇ ಅದರ ವಸ್ತು.

ನಮ್ಮಲ್ಲಿ 2004ರಿಂದ ‘ಸಿಲ್ಕ್ ಮಾರ್ಕ್’ ಮುದ್ರೆಯಿದೆ. ಸೀರೆ ಅಪ್ಪಟ ರೇಷ್ಮೆಯದೆಂದು ಅದು ಕೊಳ್ಳುವವರಿಗೆ ಭರವಸೆ ಕೊಡುತ್ತದೆ. ಆ ಸೀರೆಯ ಗೂಡು ಯಾವ ಬೆಲೆಗೆ ಹೋಯಿತು, ಸೊಪ್ಪು, ಮೊಟ್ಟೆ, ಕೂಲಿಗಳ ಖರ್ಚು ಹುಟ್ಟಿತೇ ಎಂಬುದನ್ನು ಅದು ಹೇಳುವುದಿಲ್ಲ.