ರೆಫರಿ ಇಲ್ಲದ ಆಟದಲ್ಲಿ ಡಿಫೆನ್ಸ್ ಮಾಡೋದು ಹೇಗೆ?

ಕಬಡ್ಡಿಯಲ್ಲಿ ಸೀಟಿ ಊದೋಕೆ ಒಬ್ಬರು ಇರ್ತಾರೆ. ಅಲ್ಟಿಮೇಟ್ ಫ್ರಿಸ್ಬಿಯಲ್ಲಿ ಆ ಕೆಲಸಕ್ಕೆ ಯಾರೂ ಇಲ್ಲ. ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ತಪ್ಪು ಕೂಗುವುದು, ಅದನ್ನು ಒಪ್ಪುವುದು ಅಥವಾ ಒಪ್ಪದಿರುವುದು ಆಟಗಾರರಿಗೇ ಬಿಟ್ಟದ್ದು. 1968ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಹೈಸ್ಕೂಲಿನಲ್ಲಿ ಹುಟ್ಟಿದ ಈ ಆಟಕ್ಕೆ ಬೆಂಗಳೂರಿನಲ್ಲಿ ಈಗ ತಂಡಗಳಿವೆ. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ನಮಗೆ ಕಬಡ್ಡಿ ಮೈಗೂಡಿದ ಆಟ. ಅಲ್ಲಿ ಹಿಡಿಯೋದು, ಅಡ್ಡಗಟ್ಟೋದು ಜಾಣತನ. ಇಲ್ಲಿ ಅದೇ ತಪ್ಪು. ಹಾಗಾಗಿ ಡಿಫೆನ್ಸ್ ನಿಯಮಗಳನ್ನು ಮೊದಲು ತಿಳಿದುಕೊಳ್ಳೋಣ.

ತಂಡಕ್ಕೆ 7 ಜನ. ಡಿಸ್ಕ್ ಹಿಡಿದವರು ಓಡುವಂತಿಲ್ಲ, ಒಂದು ಕಾಲು ಊರಿಕೊಂಡೇ ಎಸೆಯಬೇಕು. ಅವರಿಂದ 3 ಮೀಟರ್ ಒಳಗೆ ನಿಂತು ತಡೆಯುವವರು ಮಾರ್ಕರ್. ಮಾರ್ಕರ್ 'ಸ್ಟಾಲಿಂಗ್' ಅಂತ ಹೇಳಿ 1ರಿಂದ 10ರವರೆಗೆ ಎಣಿಸುತ್ತಾರೆ. 'ಹತ್ತು' ಅನ್ನಲು ಶುರುಮಾಡುವ ಮೊದಲು ಡಿಸ್ಕ್ ಕೈಬಿಡದಿದ್ದರೆ ಅದು ಎದುರಾಳಿಗೆ ಹೋಗುತ್ತದೆ.

ಮಾರ್ಕರ್ ಮಾಡುವ ಸಾಮಾನ್ಯ ತಪ್ಪುಗಳು ಇವು:

1. ಫಾಸ್ಟ್ ಕೌಂಟ್: ಎರಡು ಸಂಖ್ಯೆಗಳ ನಡುವೆ ಕನಿಷ್ಠ 1 ಸೆಕೆಂಡ್ ಬೇಕು. ಪ್ರತಿ ಸಂಖ್ಯೆ ಆದಮೇಲೆ ಮನಸ್ಸಿನಲ್ಲೇ 'ಹೊಸಪೇಟೆ' ಅಂದುಕೊಳ್ಳಿ, ವೇಗ ಹತೋಟಿಗೆ ಬರುತ್ತದೆ.
2. ಡಿಸ್ಕ್ ಸ್ಪೇಸ್: ಮಾರ್ಕರ್ ಮತ್ತು ಎಸೆಯುವವರ ಮೈ ನಡುವೆ ಒಂದು ಡಿಸ್ಕ್ ಅಗಲ, ಅಂದರೆ ಸುಮಾರು 27 ಸೆಂ.ಮೀ., ಊಟದ ತಟ್ಟೆಯಷ್ಟು ಜಾಗ ಇರಬೇಕು. ಎಸೆಯುವವರೇ ಮುಂದೆ ಬಾಗಿ ಆ ಜಾಗ ಕಡಿಮೆಯಾದರೆ ಅದು ಮಾರ್ಕರ್ ತಪ್ಪಲ್ಲ.
3. ಡಬಲ್ ಟೀಮ್: ಬೇರೆ ಯಾರನ್ನೂ ಕಾಯದೆ ಇನ್ನೊಬ್ಬ ಡಿಫೆಂಡರ್ 3 ಮೀಟರ್ ಒಳಗೆ ಬಂದು ನಿಲ್ಲುವುದು. ಸುಮ್ಮನೆ ಹಾದು ಓಡಿದರೆ ತಪ್ಪಿಲ್ಲ.
4. ವಿಷನ್: ಬೇಕಂತಲೇ ಕಣ್ಣಿಗೆ ಅಡ್ಡ ಕೈ ಹಿಡಿಯುವುದು.

ಈಗ ಒಂದು ಲೆಕ್ಕ. ಸಂಡೂರಿನ ಹುಡುಗ ಮಾರ್ಕರ್, ಕಂಪ್ಲಿಯ ಹುಡುಗಿ ಕೈಯಲ್ಲಿ ಡಿಸ್ಕ್ ಇದೆ ಅಂತಿಟ್ಟುಕೊಳ್ಳಿ. ಅವನು 6 ಅಂದ ಕೂಡಲೇ ಅವಳು 'ಫಾಸ್ಟ್ ಕೌಂಟ್' ಅಂದಳು. ಅವನು ಒಪ್ಪಿದರೆ ಆಟ ನಿಲ್ಲುವುದಿಲ್ಲ. ಒಂದು ಕಳೆದು 5ರಿಂದ ಎಣಿಕೆ ಮುಂದುವರಿಸಬೇಕು. ಒಪ್ಪದಿದ್ದರೆ ಆಟ ನಿಲ್ಲಿಸಿ ಮಾತಾಡಬೇಕು. ಎಚ್ಚರಿಸಿದರೂ ಮತ್ತೆ ಮತ್ತೆ ಅದನ್ನೇ ಮಾಡಿದರೆ ಅವಳು 'ವಯೊಲೇಷನ್' ಕೂಗಿ ಆಟ ನಿಲ್ಲಿಸಬಹುದು. ಅದನ್ನು ಅವನು ಒಪ್ಪಿದರೆ ಎಣಿಕೆ ಮತ್ತೆ 1ರಿಂದ ಶುರು.

ದೊಡ್ಡ ಜಗಳ ಹುಟ್ಟೋದು ಕ್ಯಾಚ್ ಹಿಡಿಯುವಾಗ. "ಲೇ, ಭುಜಕ್ಕ ಹೊಡದಿ!" "ಇಲ್ಲೋ, ನಾನು ಡಿಸ್ಕ್ ಅಷ್ಟ ಮುಟ್ಟೀನಿ!" ಹಿಡಿಯುವ ಮೊದಲೇ ಅಥವಾ ಹಿಡಿಯುವಾಗ ಡಿಫೆಂಡರ್ ಮೈಗೆ ತಾಗಿ ಕ್ಯಾಚ್ ತಪ್ಪಿದ್ದರೆ ಫೌಲ್. ಡಿಫೆಂಡರ್ ಒಪ್ಪಿದರೆ, ತಪ್ಪು ನಡೆದ ಜಾಗದಲ್ಲೇ ಡಿಸ್ಕ್ ಕ್ಯಾಚ್ ಹಿಡಿಯಲು ಹೋದವರಿಗೆ ಸಿಗುತ್ತದೆ. ಒಪ್ಪದಿದ್ದರೆ ಡಿಸ್ಕ್ ಎಸೆದವರ ಕೈಗೆ ವಾಪಸ್. ಇಲ್ಲಿ ಗಟ್ಟಿ ಗಂಟಲು ಇದ್ದವರಿಗೆ ಲಾಭವಿಲ್ಲ.

ಮುಟ್ಟಿದ್ದೀಯೋ ಇಲ್ಲವೋ ಅನ್ನೋದು ಎಷ್ಟೋ ಸಲ ಡಿಫೆಂಡರ್‌ಗೆ ಮಾತ್ರ ಗೊತ್ತಿರುತ್ತದೆ. ಸುಳ್ಳು ಹೇಳಿದರೆ ತಡೆಯೋರು ಯಾರೂ ಇಲ್ಲ. ಅದಕ್ಕೇ ಎರಡೂ ತಂಡಕ್ಕೆ ನಿಯಮ ಗೊತ್ತಿರಬೇಕು: ಎದುರಾಳಿ ಕೂಗಿದ್ದು ಸರಿ ಅಂತ ತಿಳಿಯೋಕೂ, ತಪ್ಪಿದ್ದರೆ ಸಮಾಧಾನವಾಗಿ 'ಒಪ್ಪಲ್ಲ' ಅನ್ನೋಕೂ ಅದೇ ಆಧಾರ. ಮುಂದಿನ ಸಲ ಗ್ರೌಂಡಿಗೆ ಇಳಿಯುವ ಮುಂಚೆ ಈ ನಾಲ್ಕು ತಪ್ಪುಗಳನ್ನು ಎದುರಾಳಿ ತಂಡದ ಜೊತೆ ಕೂತು ಒಮ್ಮೆ ಓದಿಕೊಳ್ಳೋಣ.